ಬೇಸ್ ಗಿಟಾರೂ ಮೂರನೆಯ ಪಿನ್ನೂ

ಕಳೆದ ಆದಿತ್ಯವಾರ ಬೆಳಗ್ಗೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹತ್ತನೇ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು, ನಾನು ಬೋರ್ಡಿಗೆ ತಿರುಗಿದ ಕೂಡಲೇ ಡೆಸ್ಕಿನ ಮೇಲೆ ತಾಳ ಹಾಕುತ್ತಿದ್ದವ. ಈಗ ಕುಂಬಳೆಯ ಹತ್ತಿರ ಒಂದು ವರ್ಕ್‌ಶಾಪಿನಲ್ಲಿ ವೆಲ್ಡರ್. ನಾಲ್ಕು ಜನ ಸೇರಿ ಬ್ಯಾಂಡ್ ಕಟ್ಟಿದ್ದಾರಂತೆ. ಎಲ್ಲರಿಗೂ ಲೀಡ್ ಗಿಟಾರೇ ಬೇಕು, ಬೇಸ್ ಯಾರಿಗೂ ಬೇಡ. ಕೊನೆಗೆ ಚೀಟಿ ಎತ್ತಿದಾಗ ಬೇಸ್ ಇವನ ಪಾಲಿಗೆ ಬಂತಂತೆ.

"ಸರ್, ಮೂವತ್ತು ಸಾವಿರ ಉಂಟು. ಅಮ್ಮನ ಕುರಿ ಈ ತಿಂಗಳು ಬಿತ್ತು. ಯಾವುದು ತೆಗೊಳ್ಳುವುದು ಹೇಳಿ" ಅಂತ ಮೊಬೈಲಿನಲ್ಲಿ ಮೂರು ಫೋಟೋ ತೋರಿಸಿದ. (ಕುರಿ ಎಂದರೆ ನಮ್ಮ ಕಾಸರಗೋಡಿನಲ್ಲಿ ಚೀಟಿ ಫಂಡು. ಘಟ್ಟದ ಮೇಲಿನ ಓದುಗರು ಅಮ್ಮ ಕುರಿ ಮಾರಿದರು ಅಂತ ತಿಳಿಯಬೇಡಿ.) ಒಂದು ಕೆಂಪು ಬಣ್ಣದ್ದು, ಐದು ತಂತಿ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಉಳಿದೆರಡು ಸಾಧಾರಣ, ನಾಲ್ಕು ತಂತಿಯವು. ಅವನ ಕಣ್ಣು ಎಲ್ಲಿತ್ತು ಅಂತ ನಾನು ಹೇಳಬೇಕಾಗಿಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ನೀವು ಪ್ರಾಕ್ಟೀಸ್ ಮಾಡುವ ಕೋಣೆಯಲ್ಲಿ ಪ್ಲಗ್ ಪಾಯಿಂಟ್ ಹೇಗುಂಟು? ಮೂರು ತೂತಿನದ್ದೋ ಎರಡರದ್ದೋ?"

ಅವ ನಕ್ಕ. ಸರ್‌ಗೆ ವಯಸ್ಸಾಯಿತು ಅಂದುಕೊಂಡಿರಬೇಕು. ಪ್ರಶ್ನೆ ಯಾಕೆ ಕೇಳಿದೆ ಅಂತ ಅವನಿಗೆ ಅವತ್ತು ಅರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ನನಗೂ ಬೇಸ್ ಬಂದದ್ದು ಸರಿಸುಮಾರು ಹಾಗೇ. ಮೈಸೂರಿನಲ್ಲಿ ಬಿ.ಎಡ್. ಮಾಡುವಾಗ ಹಾಸ್ಟೆಲಿನ ಪಕ್ಕದ ಕೋಣೆಯವನ ಹತ್ತಿರ ಒಂದು ಟೇಪ್ ರೆಕಾರ್ಡರ್ ಇತ್ತು. ದಿನಾ ರಾತ್ರಿ ಅದೇ ಕ್ಯಾಸೆಟ್. 1983ರ 'ಪಲ್ಲವಿ ಅನುಪಲ್ಲವಿ', ಇಳಯರಾಜ ಸಂಗೀತ. ಗೋಡೆಯ ಈಚೆ ನನಗೆ ಹಾಡೂ ಕೇಳದು, ಪಿಟೀಲೂ ಕೇಳದು. ಗೋಡೆ ದಾಟಿ ಬರುವುದು ಕೆಳಗಿನ ದಪ್ಪ ಸ್ವರಗಳು ಮಾತ್ರ. ಎತ್ತರದ ಸ್ವರಗಳನ್ನು ಗೋಡೆ ತಡೆಯುತ್ತದೆ, ಕಡಿಮೆ ಆವರ್ತಾಂಕದವನ್ನು ಅಷ್ಟಾಗಿ ತಡೆಯಲಾರದು. ಎರಡು ತಿಂಗಳು ಹಾಗೆ ಕೇಳಿದ ಮೇಲೆ ಒಂದು ದಿನ ಆ ಕೋಣೆಗೆ ಹೋಗಿ ಪೂರ್ತಿ ಹಾಡು ಕೇಳಿದಾಗ ಆಶ್ಚರ್ಯ ಆಯಿತು. ನಾನು ಬಾಯಿಪಾಠ ಮಾಡಿದ್ದ ಹಾಡು ಬೇರೆಯೇ! ಹಾಡಿನ ಅಡಿಯಲ್ಲಿ ಇನ್ನೊಂದು ಹಾಡು. ಇಳಯರಾಜರ ತಂಡದಲ್ಲಿ ಬೇಸ್ ನುಡಿಸುತ್ತಿದ್ದ ಶಶಿಧರನ್ ಎಂಬವರ ಹೆಸರು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ.

ಊರಿಗೆ ಬಂದು ಮೇಷ್ಟ್ರ ಕೆಲಸ ಸಿಕ್ಕಿದ ಮೇಲೆ ಒಂದು ಗಾನಮೇಳ ತಂಡಕ್ಕೆ ಸೇರಿದೆ. ನಮ್ಮ ಕಡೆಯ ಗಾನಮೇಳ ಎಂದರೆ ಗೊತ್ತಲ್ಲ. ಕ್ಲಬ್ಬಿನ ವಾರ್ಷಿಕೋತ್ಸವ, ಉತ್ಸವ, ಮದುವೆಯ ಹಿಂದಿನ ದಿನ.. ಒಂದು ಮಲಯಾಳ, ಒಂದು ಹಿಂದಿ, ಒಂದು ಕನ್ನಡ, ನಡುವೆ ತುಳು, ರಾತ್ರಿ ಹನ್ನೊಂದಕ್ಕೆ ತಮಿಳು ಕುತ್ತು ಹಾಡು. ಸಪ್ತಭಾಷೆಯ ನಾಡು ಅಂತ ಭಾಷಣದಲ್ಲಿ ಹೇಳುವುದನ್ನು ನಾವು ಮೂರು ಗಂಟೆಯಲ್ಲಿ ಮಾಡಿ ಮುಗಿಸುತ್ತಿದ್ದೆವು.

ಮೊದಲು ಕೊಂಡ ಬೇಸ್ ನೋಡಲಿಕ್ಕೆ ಭಾರೀ ಚಂದ. ಅಂಗಡಿಯಲ್ಲಿ ಎರಡು ನಿಮಿಷ ಬಾರಿಸಿ ತಂದೆ. ಮನೆಗೆ ಬಂದು ಕೀಬೋರ್ಡಿನ ಜೊತೆ ಕೂತಾಗ ತಿಳಿಯಿತು, ಬಿಟ್ಟ ತಂತಿ ಸರಿ ಇದ್ದರೆ ಹನ್ನೆರಡನೇ ಫ್ರೆಟ್ ತಪ್ಪು, ಅದನ್ನು ಸರಿ ಮಾಡಿದರೆ ಇದು ತಪ್ಪು. ಕತ್ತು ಸ್ವಲ್ಪ ತಿರುಚಿತ್ತು. ಅದಕ್ಕೆ ಮದ್ದಿಲ್ಲ. ಒಂದೂವರೆ ವರ್ಷ ಅದರಲ್ಲೇ ಬಾರಿಸಿದೆ. ಹಾಡುಗಾರರು ನನ್ನ ಕಡೆ ತಿರುಗಿ ನೋಡುವುದು ರೂಢಿಯಾಯಿತು.

ಹಾಗಾಗಿ ಹುಡುಗನಿಗೆ ಹೇಳಿದೆ. ಬಣ್ಣ ಆಮೇಲೆ ನೋಡು ಮಾರಾಯ. ಅಂಗಡಿಗೆ ಹೋದಾಗ ಮೊಬೈಲಿನಲ್ಲಿ ಟ್ಯೂನರ್ ಇರಲಿ. ನಾಲ್ಕೂ ತಂತಿ ಟ್ಯೂನ್ ಮಾಡಿ, ಪ್ರತಿಯೊಂದನ್ನೂ ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಿ ಬಾರಿಸು. ಅದೇ ಸ್ವರ ಒಂದು ಸ್ಥಾಯಿ ಮೇಲೆ ಬರಬೇಕು. ತುಸು ಹೆಚ್ಚು ಕಡಿಮೆ ಆದರೆ ಬ್ರಿಜ್ಜಿನಲ್ಲಿ ಸ್ಕ್ರೂ ಉಂಟು, ತಿರುಗಿಸಿ ಸರಿ ಮಾಡಬಹುದು. ತುಂಬಾ ವ್ಯತ್ಯಾಸ ಇದ್ದರೆ, ಸ್ಕ್ರೂ ತಿರುಗಿಸಿಯೂ ಜಗ್ಗದಿದ್ದರೆ ಅದನ್ನು ಅಲ್ಲೇ ಬಿಟ್ಟು ಬಾ. ಆಮೇಲೆ ಗಿಟಾರನ್ನು ಬಂದೂಕಿನ ಹಾಗೆ ಹಿಡಿದು ಬುಡದಿಂದ ತುದಿಗೆ ನೋಡು, ಕತ್ತು ತಿರುಚಿದ್ದು ಕಣ್ಣಿಗೇ ಕಾಣುತ್ತದೆ. ಬಿಲ್ಲಿನ ಹಾಗೆ ಬಾಗಿದ್ದರೆ ತೊಂದರೆ ಇಲ್ಲ, ಒಳಗೆ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳು ಉಂಟು, ಅದನ್ನು ಬಿಗಿದರೆ ನೆಟ್ಟಗಾಗುತ್ತದೆ. ತಿರುಚಿದ್ದನ್ನು ಅದು ಸರಿ ಮಾಡುವುದಿಲ್ಲ. ಎಲ್ಲಾ ತಂತಿಯ ಎಲ್ಲಾ ಫ್ರೆಟ್ಟನ್ನೂ ಒತ್ತಿ ನೋಡು. ಅಂಗಡಿಯವ ಮುಖ ಸಿಂಡರಿಸಿದರೆ ಸಿಂಡರಿಸಲಿ, ಹಣ ಅಮ್ಮನದ್ದು.

ಬೆಲ್ಟ್ ಹಾಕಿ ನಿಂತು ನೋಡುವುದನ್ನು ತುಂಬಾ ಜನ ಮರೆಯುತ್ತಾರೆ. ಕೈ ಬಿಟ್ಟರೆ ಕೆಲವು ಗಿಟಾರುಗಳ ತಲೆ ಕೆಳಗೆ ಜಾರುತ್ತದೆ. ಆಗ ಎಡಗೈಗೆ ಎರಡು ಕೆಲಸ, ಸ್ವರವನ್ನೂ ಒತ್ತಬೇಕು, ಕತ್ತನ್ನೂ ಹೊರಬೇಕು. ಮೂರು ಗಂಟೆಯ ಕಾರ್ಯಕ್ರಮದಲ್ಲಿ ಎರಡನೇ ಗಂಟೆಗೆ ಕೈ ಸೋಲುತ್ತದೆ. ನಾಲ್ಕು ಕಿಲೋದ ಮರವನ್ನು ಒಂದೇ ಹೆಗಲಿಗೆ ಹಾಕಿ ನಿಲ್ಲುವವನಿಗೆ ಅಗಲವಾದ ಬೆಲ್ಟ್ ಬೇಕೇ ಬೇಕು.

ಯಾವ ಬಗೆ? ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಮಾಡಿದ. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗಿ, ಸ್ವರಸ್ಥಾನ ಹುಡುಕಿ ಬಾರಿಸುವ ಬದಲು ಫ್ರೆಟ್ ಇರುವ, ಹೆಗಲಿಗೆ ಹಾಕುವ ವಾದ್ಯ. ಫ್ರೆಟ್ ಇದ್ದುದರಿಂದಲೇ ಆ ಹೆಸರು. ಅವನಿಟ್ಟ ತಂತಿಯ ಉದ್ದ 34 ಇಂಚು ಇವತ್ತಿಗೂ ಹೆಚ್ಚಿನ ಬೇಸುಗಳಲ್ಲಿ ಹಾಗೇ ಉಂಟು. 1960ರಲ್ಲಿ ಅದೇ ಕಂಪೆನಿಯ ಜಾಝ್ ಬೇಸ್ ಬಂತು. ಎರಡು ಪಿಕಪ್, ತೆಳು ಕತ್ತು. ಇವತ್ತು ಅಂಗಡಿಯಲ್ಲಿ ಕಾಣುವ ಹೆಚ್ಚಿನವು ಈ ಎರಡರ ಮಕ್ಕಳು ಮೊಮ್ಮಕ್ಕಳೇ. ಒಬ್ಬನೇ ಮನೆಯಲ್ಲಿ ಕೂತು ಬಾರಿಸಿದರೆ ಜಾಝ್ ಬಗೆಯದ್ದು ಚಂದ, ಸ್ಪಷ್ಟ, ಬಗೆಬಗೆಯ ಬಣ್ಣ. ಪ್ರಿಸಿಷನ್ ಬಗೆಯದ್ದು ಒಬ್ಬನೇ ಕೇಳಿದರೆ ಮೊಂಡ, ಒಂದೇ ದನಿ. ಆದರೆ ಡ್ರಮ್ಮು, ಕೀಬೋರ್ಡು, ಇಬ್ಬರು ಹಾಡುಗಾರರು ಇರುವಾಗ ಆ ಮೊಂಡ ದನಿಯೇ ಗುಂಪಿನ ನಡುವೆ ಜಾಗ ಮಾಡಿಕೊಂಡು ನಿಲ್ಲುತ್ತದೆ. ಅಮೆರಿಕದ ಮೋಟೌನ್ ಹಾಡುಗಳಲ್ಲಿ ಜೇಮ್ಸ್ ಜೇಮರ್‌ಸನ್ ಬಾರಿಸಿದ್ದು ಅದನ್ನೇ, ಅದೂ ಹೆಚ್ಚಾಗಿ ಒಂದೇ ತೋರುಬೆರಳಿನಲ್ಲಿ. ಮನೆಯಲ್ಲಿ ಚಂದ ಕೇಳಿದ್ದು ಬ್ಯಾಂಡಿನಲ್ಲಿ ಕಾಣೆಯಾಗುವುದು ಬೇಸ್ ವಾದಕರೆಲ್ಲ ಒಮ್ಮೆ ತಿನ್ನುವ ಪೆಟ್ಟು. ನಾನೂ ತಿಂದಿದ್ದೇನೆ.

ಐದು ತಂತಿಯ ಬಗ್ಗೆ ಹುಡುಗ ಬಿಡಲೇ ಇಲ್ಲ. ನಾಲ್ಕು ತಂತಿಯ ಬೇಸಿನ ಕೆಳಗಿನ 'ಇ' ಸ್ವರ ಸುಮಾರು 41 ಹರ್ಟ್ಸ್. ಐದನೇ ತಂತಿ 'ಬಿ' 31 ಹರ್ಟ್ಸ್. ನಮ್ಮೂರ ಸ್ಟೇಜಿನ ಎಷ್ಟೋ ಪೆಟ್ಟಿಗೆಗಳು 50ಕ್ಕಿಂತ ಕೆಳಗೆ ಇಳಿಯುವಾಗಲೇ ಉಸಿರು ಬಿಡುತ್ತವೆ, 31 ಎಲ್ಲಿ ಕೇಳಬೇಕು? ನಾವು ಕೇಳುವುದು ಅದರ ಮೇಲಿನ ಅನುಸ್ವರಗಳನ್ನು, ಮೂಲಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಐದನೇ ತಂತಿಯ ನಿಜವಾದ ಉಪಯೋಗ ಬೇರೆ. ಗಾನಮೇಳದಲ್ಲಿ ಹಾಡುಗಾರರು ಸ್ಟೇಜಿಗೆ ಹತ್ತಿದ ಮೇಲೆ "ಅರ್ಧ ಇಳಿಸಿ" ಅನ್ನುತ್ತಾರೆ. 'ಇ'ಯಲ್ಲಿದ್ದ ಹಾಡು 'ಇ ಫ್ಲಾಟ್' ಆಯಿತು, ನಾಲ್ಕು ತಂತಿಯವನಿಗೆ ಕೆಳಗೆ ಜಾಗವೇ ಇಲ್ಲ. ಐದು ಇದ್ದವ ಕೈ ಒಂದು ಮನೆ ಸರಿಸಿ ಬಾರಿಸುತ್ತಾನೆ. ಅದು ನಾಲ್ಕೈದು ವರ್ಷ ಬಾರಿಸಿದವನಿಗೆ. ಮೊದಲ ದಿನದಿಂದಲೇ ಐದು ಹಿಡಿದರೆ ಬಾರಿಸದ ತಂತಿಗಳು ಗುಂಯ್ ಎನ್ನದ ಹಾಗೆ ಒತ್ತಿ ಹಿಡಿಯುವುದರಲ್ಲೇ ಆಯಸ್ಸು ಹೋದೀತು.

ಆ ಕೆಂಪು ಗಿಟಾರು ಬ್ಯಾಟರಿಯದ್ದು, ಆಕ್ಟಿವ್. ಒಳಗೆ 9 ವೋಲ್ಟಿನ ಒಂದು ಬ್ಯಾಟರಿ, ಪುಟ್ಟ ಪ್ರಿಆಂಪ್. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇಯಿಂದ ಈ ಪದ್ಧತಿ ಜನಪ್ರಿಯ ಆದದ್ದು. ದನಿ ಗಟ್ಟಿ, ಸ್ಪಷ್ಟ. ಆದರೆ ಕೇಬಲ್ ಸಿಕ್ಕಿಸಿ ಇಟ್ಟರೆ ಬಾರಿಸದಿದ್ದರೂ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ. ಇದು ತಿಳಿಯದೆ ನಮ್ಮ ತಂಡದಲ್ಲಿ ನಂತರ ಬಂದ ಒಬ್ಬ ಹುಡುಗ ಒಂದು ಮದುವೆಮನೆಯಲ್ಲಿ ಅರ್ಧ ಹಾಡಿನಲ್ಲಿ ಮೂಕನಾದ. ಮದುವೆಮನೆಯ ಗೋಡೆ ಗಡಿಯಾರ ಬಿಚ್ಚಿ ನೋಡಿದೆವು, ಅದರಲ್ಲಿ ಇದ್ದದ್ದು ಪೆನ್ಸಿಲ್ ಸೆಲ್ಲು :-)

ತಂತಿಯ ವಿಷಯ ಕರಾವಳಿಯವರಿಗೆ ಬೇರೆಯೇ ಪಾಠ. ಆಟಿ ತಿಂಗಳಲ್ಲಿ ಕಾರ್ಯಕ್ರಮ ಇಲ್ಲ, ಗಿಟಾರ್ ಪೆಟ್ಟಿಗೆಯಲ್ಲಿ. ಹೊರಗೆ ಹಗಲೂ ರಾತ್ರಿ ಮಳೆ. ಓಣಂ ಕಾರ್ಯಕ್ರಮಕ್ಕೆ ಅಂತ ತೆಗೆದರೆ ಬೆಲ್ಟಿಗೆ ಬೂಷ್ಟು, ತಂತಿಗೆ ತುಕ್ಕು, ಕತ್ತು ಬಾಗಿ ತಂತಿ ಮೇಲೆ ಎದ್ದು ನಿಂತಿರುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿ ಮುಚ್ಚಿಡುವುದಕ್ಕಿಂತ ಗಾಳಿಯಾಡುವ ಒಳಗಿನ ಕೋಣೆಯಲ್ಲಿ ನೇತು ಹಾಕುವುದು ವಾಸಿ, ಬಾರಿಸಿದ ಮೇಲೆ ಬಟ್ಟೆಯಲ್ಲಿ ಒರೆಸುವುದು ಇನ್ನೂ ವಾಸಿ. ಬೇಸಿನ ತಂತಿ ಅಗ್ಗದ್ದಲ್ಲ. ದನಿ ಸತ್ತ ತಂತಿಯನ್ನು ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಒಣಗಿಸಿದರೆ ಸುತ್ತಿನ ಒಳಗಿನ ಕೊಳೆ ಬಿಟ್ಟು ಕೆಲವು ವಾರ ಮತ್ತೆ ಹೊಸದರ ಹಾಗೆ ಮಾತಾಡುತ್ತದೆ. ನಿಜ, ಮಾಡಿ ನೋಡಿದ್ದೇನೆ. ಆದರೆ ಮನೆಯವಳ ಗಂಜಿ ಪಾತ್ರೆಯಲ್ಲಿ ಮಾಡಬೇಡಿ.

ಆಮೇಲೆ ಆಂಪ್ಲಿಫೈಯರ್. ನನ್ನ ಕಥೆ ಇರುವುದು ಇಲ್ಲಿ.

ಮೊದಲು ಕೀಬೋರ್ಡಿನ ಒಂದು ಸಣ್ಣ ಪೆಟ್ಟಿಗೆಗೆ ಸಿಕ್ಕಿಸಿ ಬಾರಿಸುತ್ತಿದ್ದೆ, 30 ವ್ಯಾಟು. ಡ್ರಮ್ ಶುರುವಾದ ಕೂಡಲೇ ನನ್ನ ದನಿ ನನಗೇ ಕೇಳದು. ತಿರುಗಿಸಿ ತಿರುಗಿಸಿ ಕೊನೆಗೆ ಸ್ಪೀಕರಿನ ಕಾಗದ ಹರಿಯಿತು. ಕೆಳಗಿನ ಸ್ವರಕ್ಕೆ ತುಂಬಾ ಗಾಳಿ ತಳ್ಳಬೇಕು, ಅದಕ್ಕೆ ಶಕ್ತಿ ಬೇಕು. ವ್ಯಾಟ್ ದುಪ್ಪಟ್ಟು ಮಾಡಿದರೆ ಹೆಚ್ಚುವುದು ಮೂರೇ ಡೆಸಿಬೆಲ್, ಕಿವಿಗೆ "ಸ್ವಲ್ಪ ಜಾಸ್ತಿ" ಅನ್ನಿಸುವಷ್ಟು. ಲೀಡ್ ಗಿಟಾರಿನವನ 30 ವ್ಯಾಟು ಮನೆ ಒಡೆಯುತ್ತದೆ, ಬೇಸಿನವನಿಗೆ ಡ್ರಮ್ಮಿನ ಪಕ್ಕ ನಿಲ್ಲಲು ನೂರಾದರೂ ಬೇಕು. ಹಾಗಾಗಿ 2005ರಲ್ಲಿ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ನೂರು ವ್ಯಾಟಿನ ಬೇಸ್ ಆಂಪ್ ತೆಗೆದುಕೊಂಡೆ. ಹಿಂದೆ ಲೈನ್ ಔಟ್ ಇತ್ತು, ಅಲ್ಲಿಂದ ಸೌಂಡಿನವರ ಮಿಕ್ಸರಿಗೆ ಒಂದು ವಯರ್.

ಆ ವಯರ್ ಸಿಕ್ಕಿಸಿದ ಕೂಡಲೇ ಹೂಂ.. ಎಂಬ ಗುಂಯ್‌ಗುಡುವಿಕೆ. ಆಂಪ್ ಸ್ಟೇಜಿನ ಪ್ಲಗ್ಗಿನಲ್ಲಿ ಭೂಮಿಗೆ ಸೇರಿದೆ, ಮಿಕ್ಸರ್ ಸಭಾಂಗಣದ ಆ ತುದಿಯ ಪ್ಲಗ್ಗಿನಲ್ಲಿ. ನಡುವೆ ನನ್ನ ವಯರಿನ ಹೊರಕವಚ ಎರಡನ್ನೂ ಮತ್ತೊಮ್ಮೆ ಜೋಡಿಸಿ ಒಂದು ದೊಡ್ಡ ಬಳೆಯಾಯಿತು. ಆ ಬಳೆಯಲ್ಲಿ ಹರಿಯುವ ಮೈನ್ಸಿನ 50 ಹರ್ಟ್ಸ್ ಸ್ಪೀಕರಿನಲ್ಲಿ ಹಾಡುತ್ತದೆ. ಬೇಸಿನ 'ಇ' ತಂತಿಯ ಮೂರನೇ ಫ್ರೆಟ್ಟಿನ 'ಜಿ' 49 ಹರ್ಟ್ಸ್. ಒಂದೇ ಒಂದು ಹರ್ಟ್ಸ್ ಆಚೆ ಈಚೆ! ಪ್ರತಿಯೊಂದು 'ಜಿ' ಬಾರಿಸಿದಾಗಲೂ ವಿದ್ಯುತ್ ಮಂಡಳಿಯವರೂ ಬೇಸುರದಲ್ಲಿ ನನ್ನ ಜೊತೆ ಬಾರಿಸಿದ ಹಾಗೆ.

ಇದಕ್ಕೆ ಸುಲಭದ ಒಂದು ಮದ್ದು ತಂಡಗಳಲ್ಲಿ ಬಾಯಿಂದ ಬಾಯಿಗೆ ಹರಿಯುತ್ತಿತ್ತು. ಆಂಪಿನ ಪ್ಲಗ್ಗಿನ ಮೇಲಿನ ದಪ್ಪ ಪಿನ್ನು ತೆಗೆದುಬಿಡುವುದು. ಬಳೆ ತುಂಡಾಗುತ್ತದೆ, ಗುಂಯ್ ನಿಲ್ಲುತ್ತದೆ. ಸ್ಟೇಜಿನ ಎಕ್ಸ್‌ಟೆನ್ಶನ್ ಬೋರ್ಡುಗಳಲ್ಲಿ ಅರ್ಧಕ್ಕರ್ಧ ಎರಡೇ ತೂತಿನವು ಬೇರೆ, ಪಿನ್ ಇಲ್ಲದಿದ್ದರೆ ಅದೂ ಅನುಕೂಲ.

ಒಂದು ಸಂಜೆ ಮನೆಯ ಜಗಲಿಯಲ್ಲಿ ಕೂತು ಇಕ್ಕಳದಲ್ಲಿ ಆ ಪಿನ್ನನ್ನು ನಾನೇ ತಿರುಚಿ ಮುರಿದೆ. ಹತ್ತನೇ ತರಗತಿಗೆ ಭೌತಶಾಸ್ತ್ರ ಹೇಳುವ ನಾನು. ಕೆಂಪು ಲೈವ್, ಕಪ್ಪು ನ್ಯೂಟ್ರಲ್, ಹಸಿರು ಭೂಸಂಪರ್ಕ ಅಂತ ವರ್ಷ ವರ್ಷ ಬೋರ್ಡಿನಲ್ಲಿ ಚಿತ್ರ ಬರೆಯುವ ನಾನು. ಗುಂಯ್ ನಿಂತಿತು. ತಂಡದಲ್ಲಿ ನನಗೆ ಒಳ್ಳೆಯ ಹೆಸರೂ ಬಂತು, ಮಾಷ್ಟ್ರಿಗೆ ಕರೆಂಟಿನ ವಿಷಯ ಎಲ್ಲಾ ಗೊತ್ತುಂಟು ಅಂತ.

2007ರ ಏಪ್ರಿಲ್. ಒಂದು ಕ್ಲಬ್ಬಿನ ವಾರ್ಷಿಕೋತ್ಸವ. ಅವತ್ತು ಚೆಂಡೆಯವರೂ ಸೇರಿದ್ದರಿಂದ ಮಿಕ್ಸರಿನಲ್ಲಿ ಜಾಗ ಇರಲಿಲ್ಲ. "ಮಾಷೇ, ನಿಮ್ಮ ಪೆಟ್ಟಿಗೆಯೇ ಸಾಕು, ಲೈನ್ ಬೇಡ" ಅಂದರು ಸೌಂಡಿನವರು. ಸರಿ ಅಂದೆ. ಅಲ್ಲಿಯವರೆಗೆ ನನ್ನ ಆಂಪಿಗೆ ಭೂಮಿಯ ಸಂಬಂಧ ಉಳಿದಿದ್ದದ್ದು ಆ ಲೈನ್ ವಯರಿನ ಹೊರಕವಚದ ಮೂಲಕ ಮಾತ್ರ. ಅವತ್ತು ಅದೂ ಇಲ್ಲ. ಆಂಪಿನ ಹಿಂದೆ ಕರೆಂಟಿನ ವಯರ್ ಒಳಹೋಗುವ ತೂತಿನಲ್ಲಿ ರಬ್ಬರಿನ ಬಳೆ ಎಂದೋ ಉದುರಿತ್ತು, ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಲೈವ್ ತಂತಿ ಬತ್ತಲಾಗಿತ್ತು. ಇದನ್ನು ನಾನು ನೋಡಿದ್ದು ಮರುದಿನ.

ಬೇಸಿನ ಲೋಹದ ಬ್ರಿಜ್ಜಿನಿಂದ ಒಂದು ಸಣ್ಣ ತಂತಿ ಒಳಗೆ ಹೋಗಿ ಕೇಬಲಿನ ಹೊರಕವಚಕ್ಕೆ, ಅಲ್ಲಿಂದ ಆಂಪಿನ ಕಬ್ಬಿಣದ ಮೈಗೆ ಸೇರುತ್ತದೆ. ಎಂದರೆ ನಾನು ಬೆರಳಿಟ್ಟ ತಂತಿಯೂ ಆಂಪಿನ ಮೈಯೂ ಒಂದೇ. ಮೈಯಲ್ಲಿ 230 ವೋಲ್ಟ್ ಬಂದರೆ ತಂತಿಯಲ್ಲೂ 230. ನನಗೆ ಏನೂ ಆಗಲಿಲ್ಲ. ರಬ್ಬರ್ ಅಡಿಯ ಚಪ್ಪಲಿ, ಕೆಳಗೆ ಪ್ಲೈವುಡ್ಡಿನ ಮೇಲೆ ಕಾರ್ಪೆಟ್ಟು. ಕರೆಂಟಿನ ತಂತಿಯ ಮೇಲೆ ಕೂತ ಕಾಗೆಯ ಹಾಗೆ ನಾನು ಮೂರು ಹಾಡು ಬಾರಿಸಿದೆ.

ನಮ್ಮ ಗಾಯಕನಿಗೆ ಒಂದು ಅಭ್ಯಾಸ. ನಡುವಿನ ವಾದ್ಯಸಂಗೀತ ಬರುವಾಗ ನನ್ನ ಹತ್ತಿರ ಬಂದು ಬೇಸಿನ ಕತ್ತಿನ ಮೇಲೆ ಎಡಗೈ ಇಟ್ಟು ತಲೆ ಕುಣಿಸುವುದು. ಜನಕ್ಕೆ ಅದು ಇಷ್ಟ. ನಾಲ್ಕನೇ ಹಾಡಿನಲ್ಲಿ ಹಾಗೇ ಬಂದ. ಬಲಗೈಯಲ್ಲಿ ವಯರಿನ ಮೈಕು, ಕಬ್ಬಿಣದ ಮೈ, ಅದು ಮಿಕ್ಸರಿನ ಮೂಲಕ ಸರಿಯಾಗಿ ಭೂಮಿಗೆ ಸೇರಿದೆ. ಎಡಗೈ ನನ್ನ ತಂತಿಗಳ ಮೇಲೆ. ಕರೆಂಟ್ ಒಂದು ಕೈಯಿಂದ ಇನ್ನೊಂದು ಕೈಗೆ, ಎದೆಯ ಮೂಲಕ.

ಸ್ಪೀಕರಿನಲ್ಲಿ ಟಪ್ ಅಂತ ಒಂದು ಶಬ್ದ. ಅವನ ಮುಖ ನನ್ನ ಮುಖದಿಂದ ಒಂದು ಮೊಳ ದೂರ ಇತ್ತು. ಆ ಮುಖದ ಬಗ್ಗೆ ಬರೆಯುವುದಿಲ್ಲ. ಎರಡು ಸೆಕೆಂಡ್ ಇರಬಹುದು. ಅವನ ಮೊಣಕಾಲು ಕುಸಿದು ಕೈ ಕಳಚಿತು, ಅದೇ ಅವನನ್ನು ಉಳಿಸಿದ್ದು. ಹಿಂದಕ್ಕೆ ವಾಲಿ ನಾಲ್ಕಡಿ ಎತ್ತರದ ಸ್ಟೇಜಿನಿಂದ ಕೆಳಗೆ ಬಿದ್ದ. ಕಾಲರ್ ಬೋನ್ ಮುರಿಯಿತು. ಎಡ ಅಂಗೈಯಲ್ಲಿ ಅಡ್ಡಕ್ಕೆ ನಾಲ್ಕು ಸುಟ್ಟ ಗೆರೆ. ನಾಲ್ಕು ತಂತಿ, ನಾಲ್ಕು ಗೆರೆ.

ಮರುದಿನ ಕ್ಲಬ್ಬಿನವರಿಗೂ ಸೌಂಡಿನವರಿಗೂ ಜಗಳ. ಮೈಕಿನಲ್ಲಿ ಶಾಕ್ ಬಂತು ಅಂತಲೇ ಎಲ್ಲರೂ ಅಂದುಕೊಂಡದ್ದು. ಅವರಿಗೆ ಬರಬೇಕಾದ ಹಣದಲ್ಲಿ ಅರ್ಧ ಕೊಡಲಿಲ್ಲ. ಎರಡು ಉತ್ಸವದ ಕೆಲಸವೂ ಕೈತಪ್ಪಿತು ಅಂತ ಕೇಳಿದೆ. ನಾನು ಸುಮ್ಮನಿದ್ದೆ. ಆಂಪಿಗೆ ಹೊಸ ವಯರ್, ಹೊಸ ಮೂರು ಪಿನ್ನಿನ ಪ್ಲಗ್ ಹಾಕಿಸಿ ಸುಮ್ಮನಿದ್ದೆ. ಆ ವರ್ಷ ಪಾಠ ಬಂದಾಗ ಒಬ್ಬಳು ಹುಡುಗಿ ಎದ್ದು ಕೇಳಿದಳು, "ಸರ್, ಮೇಲಿನ ಪಿನ್ ಯಾಕೆ ಉದ್ದ?" ಒಳಹೋಗುವಾಗ ಮೊದಲು ತಾಗಬೇಕು, ಹೊರಬರುವಾಗ ಕೊನೆಗೆ ಬಿಡಬೇಕು, ಅದಕ್ಕೆ ಉದ್ದ, ಅಂದೆ. ಉತ್ತರ ಸರಿಯಾಗಿಯೇ ಇತ್ತು. ಲೈವ್ ತಂತಿ ಪೆಟ್ಟಿಗೆಯ ಮೈಗೆ ತಾಗಿದರೆ ಆ ದಾರಿಯಲ್ಲಿ ಕರೆಂಟ್ ಭೂಮಿಗೆ ನುಗ್ಗಿ ಫ್ಯೂಸ್ ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ ಅಂತಲೂ ಹೇಳಿದೆ. ಬೋರ್ಡಿನ ಕಡೆ ತಿರುಗಿ ಹೇಳಿದೆ.

2011ರಲ್ಲಿ ಒಂದು ಮದುವೆಯಲ್ಲಿ ಆ ಸೌಂಡಿನವರು ಸಿಕ್ಕಿದರು. ಊಟದ ನಂತರ ಪಕ್ಕಕ್ಕೆ ಕರೆದು ಹೇಳಿಬಿಟ್ಟೆ. ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, "ಅಂದು ರಾತ್ರಿಯೇ ನಿಮ್ಮ ಪ್ಲಗ್ ನೋಡಿದ್ದೆ ಮಾಷೇ" ಅಂದರು. ಮತ್ತೆ ಯಾಕೆ ಹೇಳಲಿಲ್ಲ ಅಂದೆ. "ಕರೆಂಟಿನ ವಿಷಯದಲ್ಲಿ ಮಾಷ್ಟ್ರ ಮಾತೋ ಸೌಂಡಿನವನ ಮಾತೋ? ಊರಿನವರು ಯಾರದ್ದು ನಂಬುತ್ತಾರೆ?" ನಾನು ಕೊಡಲು ಹೋದ ಹಣ ತೆಗೆದುಕೊಳ್ಳಲಿಲ್ಲ. ಎಲೆ ಒಂದು ನನಗೂ ಕೊಟ್ಟರು.

ಗುಂಯ್ ನಿಲ್ಲಿಸಲಿಕ್ಕೆ ಸರಿಯಾದ ಸಾಧನ ಆಗಲೂ ಇತ್ತು. ಡಿ.ಐ. ಪೆಟ್ಟಿಗೆ ಅನ್ನುತ್ತಾರೆ, ಅಂಗೈಯಗಲದ್ದು. ಬೇಸಿನ ದುರ್ಬಲ ಸಂಕೇತವನ್ನು ಮಿಕ್ಸರಿಗೆ ಬೇಕಾದ ಹಾಗೆ ಬದಲಿಸಿ ಉದ್ದದ ವಯರಿನಲ್ಲಿ ಕಳಿಸುತ್ತದೆ. ಅದರ ಪಕ್ಕದಲ್ಲಿ ಗ್ರೌಂಡ್ ಲಿಫ್ಟ್ ಎಂಬ ಚಿಕ್ಕ ಗುಂಡಿ. ಅದು ಕತ್ತರಿಸುವುದು ಸಂಕೇತದ ವಯರಿನ ಹೊರಕವಚವನ್ನು, ಕರೆಂಟಿನ ಭೂಸಂಪರ್ಕವನ್ನಲ್ಲ. ಬಳೆ ಅಲ್ಲೂ ತುಂಡಾಗುತ್ತದೆ, ಯಾರೂ ಬೀಳುವುದಿಲ್ಲ. ಬ್ಯಾಟರಿ ಬೇಡದ ಸಾದಾ ಪೆಟ್ಟಿಗೆ ಎರಡು ಮೂರು ಸಾವಿರಕ್ಕೆ ಸಿಗುತ್ತದೆ. ಆಕ್ಟಿವ್ ಆದರೆ ಮಿಕ್ಸರಿನಿಂದ 48 ವೋಲ್ಟ್ ಕೇಳಿ ತೆಗೆದುಕೊಳ್ಳಬೇಕು, ಅಥವಾ ಬ್ಯಾಟರಿ ಬೇಕು. ಬೇಸ್ ಬಾರಿಸುವವನು ಗಿಟಾರಿನ ನಂತರ ಕೊಳ್ಳಬೇಕಾದ ಎರಡನೇ ವಸ್ತು ಇದೇ ಅಂತ ನನ್ನ ಅಭಿಪ್ರಾಯ, ಆಂಪ್ ಅಲ್ಲ. ಈಗಿನ ಸ್ಟೇಜುಗಳಲ್ಲಿ ಒಳ್ಳೆಯ ಪೆಟ್ಟಿಗೆ ಸೌಂಡಿನವರದ್ದೇ ಇರುತ್ತದೆ, ಎದುರಿಗೆ ಮಾನಿಟರ್ ಇರುತ್ತದೆ. ಮನೆಯಲ್ಲಿ ಕಲಿಯಲು ಹೆಡ್‌ಫೋನ್ ಸಾಕು. ನೂರಿನ್ನೂರು ವ್ಯಾಟಿನ ಪೆಟ್ಟಿಗೆ ಹೊತ್ತು ಬೆನ್ನು ಮುರಿದುಕೊಳ್ಳುವ ಕಾಲ ಇನ್ನು ಎರಡು ವರ್ಷ ತಡೆದು ಬಂದರೆ ಸಾಕು.

ಈಗ ವಯರಿಲ್ಲದ ಮೈಕುಗಳು ಬಂದು ಅಪಾಯ ಕಡಿಮೆಯಾಗಿದೆ, ಹೋಗಿಲ್ಲ. ನಾನು ಈಗಲೂ ಸ್ಟೇಜ್ ಹತ್ತಿದರೆ ಕಿಸೆಯಲ್ಲಿ ಟೆಸ್ಟರ್. ಮೊದಲು ಪ್ಲಗ್ ಪಾಯಿಂಟ್, ಆಮೇಲೆ ಬೇಸಿನ ತಂತಿ, ಆಮೇಲೆ ಮೈಕು. ಮೂವತ್ತು ಮಿಲಿ ಆಂಪಿಯರಿಗೆ ಬೀಳುವ ಆರ್.ಸಿ.ಸಿ.ಬಿ. ಇರುವ ಬೋರ್ಡೊಂದನ್ನು ಮಾಡಿಸಿಟ್ಟಿದ್ದೇನೆ. ಶಾಲೆಯ ಮಕ್ಕಳನ್ನು ಕಲೋತ್ಸವದ ವೃಂದವಾದ್ಯಕ್ಕೆ ಕರೆದುಕೊಂಡು ಹೋಗುವಾಗಲೂ ಅದು ಚೀಲದಲ್ಲಿ. 2019ರಲ್ಲಿ ರಾಜ್ಯ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ನಡೆಯಿತಲ್ಲ, ನೋಡಲು ಹೋದವ ಅಲ್ಲೂ ಸ್ಟೇಜಿನ ವಯರುಗಳ ಕಡೆಯೇ ಕಣ್ಣು ಹಾಯಿಸುತ್ತಿದ್ದೆ. ಸಹೋದ್ಯೋಗಿಗಳು ನಗುತ್ತಾರೆ. ನಗಲಿ.

ಒಂದು ಮಾತು ಹುಡುಗನಿಗೆ ಹೇಳಲು ಮರೆತಿದ್ದೆ, ನಿನ್ನೆ ಫೋನಿನಲ್ಲಿ ಹೇಳಿದೆ. ನಿಮ್ಮ ಕೀಬೋರ್ಡಿನವನಿಗೆ ಎಡಗೈ ಮೇಲೆತ್ತಲು ಹೇಳು. ಒಬ್ಬನೇ ಬಾರಿಸಿ ರೂಢಿಯಾದವರು ಎಡಗೈಯಲ್ಲಿ ಬೇಸನ್ನೂ ಬಾರಿಸುತ್ತಾರೆ. ಆಗ ನೀನು ಲಕ್ಷ ರೂಪಾಯಿಯ ಗಿಟಾರ್ ತಂದರೂ ಇಬ್ಬರೂ ಸೇರಿ ಕೆಸರಾಗುತ್ತದೆ. ಇದಕ್ಕೆ ಖರ್ಚಿಲ್ಲ, ಜಗಳ ಮಾತ್ರ.

ಲೆಕ್ಕ ಹೀಗೆ ಬರೆದುಕೊಟ್ಟಿದ್ದೇನೆ. ಗಿಟಾರಿಗೆ ಹದಿನೆಂಟು ಸಾವಿರದವರೆಗೆ, ನಾಲ್ಕು ತಂತಿ, ಬ್ಯಾಟರಿ ಇಲ್ಲದ್ದು, ಕೈ ಬದಲಾದದ್ದಾದರೂ ಅಡ್ಡಿಯಿಲ್ಲ. ಡಿ.ಐ., ಎರಡು ಒಳ್ಳೆಯ ಕೇಬಲ್, ಅಗಲದ ಬೆಲ್ಟ್, ಕ್ಲಿಪ್ ಟ್ಯೂನರ್, ಒಂದು ಸೆಟ್ ತಂತಿ, ಒಂದು ಬೋರ್ಡು. ಉಳಿದದ್ದು ಅಮ್ಮನಿಗೆ ವಾಪಸು. ಕೆಂಪು ಗಿಟಾರಿನ ಫೋಟೋ ಅವ ಡಿಲೀಟ್ ಮಾಡಿಲ್ಲ, ಅದು ನನಗೆ ಗೊತ್ತು. ಬರುವ ಶನಿವಾರ ಇಬ್ಬರೂ ಬಸ್ಸಿನಲ್ಲಿ ಮಂಗಳೂರಿಗೆ ಹೋಗುವುದು ಅಂತ ಆಗಿದೆ. ಬರುವಾಗ ಪ್ರಾಕ್ಟೀಸ್ ಕೋಣೆಯ ಎಕ್ಸ್‌ಟೆನ್ಶನ್ ಬೋರ್ಡನ್ನೂ ಬಿಚ್ಚಿ ತಾ ಅಂದಿದ್ದೇನೆ.

ಗಾಯಕ ಈಗ ಕುವೈತಿನಲ್ಲಿದ್ದಾನೆ. ಓಣಂಗೆ, ವಿಷುವಿಗೆ ವಾಟ್ಸಾಪಿನಲ್ಲಿ ಶುಭಾಶಯ ಬರುತ್ತದೆ. ಅಲ್ಲಿಯೂ ಒಂದು ತಂಡದಲ್ಲಿ ಹಾಡುತ್ತಾನಂತೆ. ಪ್ಲಗ್ಗಿನ ವಿಷಯ ಅವನಿಗೆ ನಾನು ಇದುವರೆಗೂ ಹೇಳಿಲ್ಲ. ಈ ಬರಹ ಅವನ ಕಣ್ಣಿಗೆ ಬೀಳುವ ಮೊದಲು ಫೋನ್ ಮಾಡಬೇಕು. ಶುಕ್ರವಾರ ಅವನಿಗೆ ರಜೆ.